ಸನ್‌ರೂಫ್ ಸೋರುತ್ತಿದೆಯೇ? ಬೀಡಿಂಗ್ ಬದಲಾಯಿಸುವ ಮೊದಲು ಇಷ್ಟು ಮಾಡಿ

ಕಳೆದ ಜುಲೈನಲ್ಲಿ ಸಿಗ್ನಲ್ ಹತ್ತಿರ ಬ್ರೇಕ್ ಹಾಕಿದೆ ನೋಡಿ, ತಲೆ ಮೇಲಿನ ಲೈಟಿನ ಸಂದಿಯಿಂದ ತಣ್ಣನೆ ನೀರು ಸೀದಾ ತೊಡೆ ಮೇಲೆ ಬಿತ್ತು. ಸನ್‌ರೂಫ್ ಮುಚ್ಚಿಯೇ ಇತ್ತು. ಗ್ಯಾರೇಜಿನಲ್ಲಿ ‘ಬೀಡಿಂಗ್ ಹೋಗಿದೆ ಸರ್, ಪೂರ್ತಿ ಬದಲಾಯಿಸಬೇಕು’ ಎಂದರು. ರೇಟ್ ಕೇಳಿ ಮನೆಗೆ ವಾಪಸ್ ಬಂದೆ. ಭಾನುವಾರ ಗಾಜು ಸರಿಸಿ ನಾನೇ ನೋಡಿದರೆ ಬೀಡಿಂಗ್, ಅಂದರೆ ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಚೆನ್ನಾಗೇ ಇದೆ. ಮೂಲೆಯ ತೂತಿನಲ್ಲಿ ಮಾತ್ರ ಕೊಳೆತ ಹೊಂಗೆ ಹೂವಿನ ಮುದ್ದೆ. ಏಪ್ರಿಲ್ ಪೂರ್ತಿ ಕಾರು ನಿಂತಿದ್ದು ಹೊಂಗೆ ಮರದ ಕೆಳಗೆ!

ಗಾಜಿನ ಸುತ್ತಲಿನ ರಬ್ಬರ್ ನೂರಕ್ಕೆ ನೂರು ನೀರು ತಡೆಯುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಅದನ್ನು ಮಾಡಿರುವುದೇ ಹಾಗಲ್ಲ. ಬಹುಪಾಲು ನೀರನ್ನು ಅದು ಹೊರಗೇ ನಿಲ್ಲಿಸುತ್ತದೆ. ನುಸುಳಿದ ಚೂರುಪಾರು ನೀರು ಗಾಜಿನ ಕೆಳಗಿನ ಕಾಲುವೆಗೆ ಇಳಿಯುತ್ತದೆ. ಅಲ್ಲಿಂದ ಮೂಲೆಯ ತೂತುಗಳಿಗೆ, ಸಣ್ಣ ಪೈಪುಗಳಲ್ಲಿ ಹರಿದು ಕಾರಿನ ಕೆಳಗೆ. ಮನೆ ತಾರಸಿಯ ಮಳೆನೀರಿನ ಪೈಪ್ ಇದ್ದ ಹಾಗೆ. ರಬ್ಬರ್ ಒಂದನ್ನೇ ನೋಡಿಕೊಂಡರೆ ಅರ್ಧ ಕೆಲಸ ಮಾತ್ರ ಆದಂತೆ.

ಬೇಕಾಗುವುದು ಇಷ್ಟೇ: ಎರಡು ಮೆತ್ತನೆ ಬಟ್ಟೆ, ಹಳೇ ಟೂತ್ ಬ್ರಶ್, ಕಾರ್ ಶಾಂಪೂ ನಾಲ್ಕು ಹನಿ ಹಾಕಿದ ನೀರು, ಒಂದು ಸಣ್ಣ ಟ್ಯೂಬ್ ಸಿಲಿಕಾನ್ ಗ್ರೀಸ್.

ಮೊದಲು ತೊಳೆಯಿರಿ

ಕಾರನ್ನು ನೆರಳಿಗೆ ತಂದು ಗಾಜು ಪೂರ್ತಿ ತೆರೆಯಿರಿ. ಎಲೆ, ಹೂವು, ಕಸವನ್ನು ಕೈಯಿಂದಲೇ ಎತ್ತಿ ತೆಗೆಯಿರಿ. ನೀರು ಬಿಟ್ಟು ತಳ್ಳಿದರೆ ಅದೆಲ್ಲ ತೂತಿಗೇ ಹೋಗಿ ಕೂರುತ್ತದೆ. ಆಮೇಲೆ ಶಾಂಪೂ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ರಬ್ಬರ್ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ಮಲೆನಾಡಿನ ಕಡೆಯವರಿಗೆ ಸಂದಿಯಲ್ಲಿ ಪಾಚಿಯೂ ಸಿಗುತ್ತದೆ, ಅದಕ್ಕೆ ಟೂತ್ ಬ್ರಶ್. ಎರಡೂ ಪಕ್ಕದ ಹಳಿಯಲ್ಲಿರುವ ಗ್ರೀಸ್ ಮುಟ್ಟಬೇಡಿ. ಅದು ಗಾಜು ಸರಾಗವಾಗಿ ಜಾರಲು ಹಾಕಿದ್ದು.

ಒಣಗಿದ ಮೇಲೆ ಗ್ರೀಸ್

ರಬ್ಬರ್ ಪೂರ್ತಿ ಒಣಗಲಿ. ಕಡಲೆಕಾಳಿನಷ್ಟು ಸಿಲಿಕಾನ್ ಗ್ರೀಸ್ ಬೆರಳಿಗೆ ತೆಗೆದುಕೊಂಡು ಉದ್ದಕ್ಕೂ ತೆಳ್ಳಗೆ ಸವರಿ. ಮೂಲೆಗಳಲ್ಲಿ ನಿಧಾನ. ಬಿರುಕು ಶುರುವಾಗುವುದು ಅಲ್ಲೇ. ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಿಂದ ಒರೆಸಿಬಿಡಿ. ಮುಟ್ಟಿದರೆ ರೇಷ್ಮೆಯಂತೆ ಜಾರಬೇಕು, ಬೆರಳಿಗೆ ಅಂಟಬಾರದು. ಜಾಸ್ತಿ ಹಚ್ಚಿದರೆ ಧೂಳು ಹಿಡಿಯುತ್ತದೆ, ಅಷ್ಟೇ ಲಾಭ.

ಬೇರೆ ಎಣ್ಣೆ ಯಾಕೆ ಬೇಡ? ಕಾರಿನ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರ್. ಬಿಸಿಲು, ಮಳೆ ಎಲ್ಲ ತಡೆದುಕೊಳ್ಳುತ್ತದೆ. ಆದರೆ ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಅಂದರೆ ಆಗದು. ಅವನ್ನು ಹೀರಿಕೊಂಡು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಮಾಮೂಲಿ ಗ್ರೀಸ್ ಕತೆಯೂ ಅದೇ. ವಾಶಿಂಗ್‌ನಲ್ಲಿ ಡೀಸೆಲ್ ಹೊಡೆಯುವ ಹುಡುಗನಿಗೆ ‘ಮೇಲಕ್ಕೆ ಬೇಡಪ್ಪ’ ಎಂದು ಹೇಳಿಬಿಡಿ. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಅದು ತಲೆಗೇ ಇರಲಿ.

ಈಗ ನೀರಿನ ದಾರಿ

ಅರ್ಧ ಲೋಟ ನೀರನ್ನು ಮುಂದಿನ ಒಂದು ಮೂಲೆಯ ಕಾಲುವೆಗೆ ನಿಧಾನವಾಗಿ ಸುರಿಯಿರಿ. ಮನೆಯಲ್ಲಿ ಒಬ್ಬರನ್ನು ಕೆಳಗೆ ಬಗ್ಗಿ ನೋಡಲು ಹೇಳಿ. ಸ್ವಲ್ಪ ಹೊತ್ತಿನಲ್ಲೇ ಮುಂದಿನ ಚಕ್ರ ಅಥವಾ ಬಾಗಿಲಿನ ಆಸುಪಾಸು ನೀರು ತೊಟ್ಟಿಕ್ಕಬೇಕು. ಹಿಂದಿನ ಮೂಲೆಗಳಲ್ಲೂ ತೂತಿದ್ದರೆ ಆ ನೀರು ಹಿಂದಿನ ಚಕ್ರದ ಕಡೆ ಬರುತ್ತದೆ. ಕಾಲುವೆಯಲ್ಲಿ ನೀರು ಹಾಗೇ ನಿಂತರೆ ಕಟ್ಟಿಕೊಂಡಿದೆ ಎಂದೇ ಅರ್ಥ. ಸುರಿಯುವುದು ನಿಲ್ಲಿಸಿ.

ತಂತಿ ಹಾಕಿ ಚುಚ್ಚಬೇಡಿ, ಪೈಪ್ ತೂತಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಆ ರಭಸಕ್ಕೆ ಒಳಗಿನ ಜಾಯಿಂಟ್ ಕಳಚಿಕೊಂಡರೆ ಆಮೇಲೆ ನೀರೆಲ್ಲ ಸೀಟಿನ ಕೆಳಗೆ. ಹುಲ್ಲು ಕತ್ತರಿಸುವ ಮಿಷನ್ನಿಗೆ ಹಾಕುವ ನೈಲಾನ್ ದಾರ ಸಿಗುತ್ತದಲ್ಲ, ಅದರ ತುದಿಯನ್ನು ಉಜ್ಜಿ ನುಣುಪು ಮಾಡಿ, ತಿರುಗಿಸುತ್ತಾ ಮೆಲ್ಲಗೆ ಇಳಿಸಿ. ತಡೆದರೆ ಒತ್ತಬೇಡಿ, ಹಿಂದೆ ಎಳೆದು ಮತ್ತೆ ಇಳಿಸಿ. ನನ್ನ ಕಾರಿನಲ್ಲಿ ಮೂರನೇ ಸಲಕ್ಕೆ ಗಳಗಳ ಸದ್ದು ಬಂತು, ಕೆಳಗೆ ಕಾಫಿ ಬಣ್ಣದ ನೀರು.

ಕೊನೆಗೆ ಬಿಗಿ ನೋಡಿ. ರಬ್ಬರಿನ ಮೇಲೆ ಹತ್ತು ರೂಪಾಯಿ ನೋಟು ಇಟ್ಟು ಗಾಜು ಮುಚ್ಚಿ. ಬೆರಳು ದೂರ ಇರಲಿ. ನೋಟನ್ನು ಎಳೆದಾಗ ಸ್ವಲ್ಪ ಹಿಡಿದುಕೊಳ್ಳಬೇಕು. ಸುಮ್ನೆ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಚಪ್ಪಟೆಯಾಗಿದೆ, ಇಲ್ಲವೇ ಗಾಜು ಸರಿಯಾಗಿ ಕೂರುತ್ತಿಲ್ಲ. ಹರಿದಿದ್ದರೆ ಮಾತ್ರ ಬದಲಾಯಿಸುವುದೇ ಸರಿ. ಫೆವಿಕ್ವಿಕ್ ಹಾಕಿದರೆ ಅಂಟಿದ ಜಾಗ ಕಲ್ಲಿನಂತಾಗಿ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಛಾವಣಿ ಮಡಚುವ ಕನ್ವರ್ಟಿಬಲ್ ಇಟ್ಟುಕೊಂಡ ಅದೃಷ್ಟವಂತರಿಗೂ ಕೆಲಸ ಇದೇ, ರಬ್ಬರ್ ಮಾತ್ರ ಇನ್ನೂ ಉದ್ದ: ಮುಂದಿನ ಗಾಜಿನ ಮೇಲಂಚು, ಕಿಟಕಿಗಳ ಮೇಲೆ, ಕಂಬಗಳ ಸಂದಿ. ಬಟ್ಟೆಯ ಛಾವಣಿ ಒದ್ದೆ ಇದ್ದಾಗ ಮಡಚಿ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ನಾನು ಇದನ್ನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ, ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಅರ್ಧ ಲೋಟ ನೀರಿನ ಪರೀಕ್ಷೆ ಮಾತ್ರ ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಹೊಂಗೆ ಮರ ಈಗಲೂ ಅಲ್ಲೇ ಇದೆ, ಬೇರೆ ಪಾರ್ಕಿಂಗ್ ಸಿಕ್ಕಿಲ್ಲ.