ಶಾಲೆಗೆ ದತ್ತಿ ಇಡುವ ಮುನ್ನ: ಒಬ್ಬ ಖಜಾಂಚಿಯ ಮಾತು

ನಮ್ಮ ಶಾಲೆಯ ದತ್ತಿ ಪುಸ್ತಕದಲ್ಲಿ 1978ರದ್ದೊಂದು ನಮೂದು ಇದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಕೊಡಲೆಂದು ಅಡಿಕೆ ವ್ಯಾಪಾರಿಯೊಬ್ಬರು ಇಟ್ಟ ಒಂದು ಸಾವಿರ ರೂಪಾಯಿ. ಆಗ ಅದರ ಬಡ್ಡಿಯಲ್ಲಿ ನಿಘಂಟು, ಪೆನ್ನು ಎರಡೂ ಬರುತ್ತಿದ್ದವು. ಈಗ ವರ್ಷಕ್ಕೆ ಎಪ್ಪತ್ತು ರೂಪಾಯಿ; ಒಂದು ಒಳ್ಳೆಯ ಕಂಪಾಸು ಪೆಟ್ಟಿಗೆಗೂ ಸಾಲದು. ಅಸಲಿನಲ್ಲಿ ಒಂದು ಪೈಸೆ ಕರಗಿಲ್ಲ, ಲೆಕ್ಕ ಚೊಕ್ಕವಾಗಿದೆ, ದತ್ತಿ ಮಾತ್ರ ಹೆಸರಿಗಷ್ಟೇ ಉಳಿದಿದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಿರ್ಸಿ ಕಡೆಯ ಈ ಅನುದಾನರಹಿತ ಹೈಸ್ಕೂಲಿನ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಅಪ್ಪನ ಹೆಸರಲ್ಲಿ, ಅಮ್ಮನ ಹೆಸರಲ್ಲಿ ಏನಾದರೂ ಮಾಡಬೇಕು ಎಂದು ಬರುವ ಹಳೆಯ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಈ ಪುಟವನ್ನೇ.

ಶಾಲೆಗೆ ದತ್ತಿ ಯಾಕೆ ಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಖರ್ಚಿನಲ್ಲಿ ಸಿಂಹಪಾಲು ಸಂಬಳ. ಸಂಬಳ ತಿಂಗಳು ತಿಂಗಳು ಹೋಗುತ್ತದೆ, ಶುಲ್ಕ ಜೂನ್‌ನಲ್ಲಿ ಒಂದಿಷ್ಟು, ಆಮೇಲೆ ಅಡಿಕೆ ಮಾರಿದಾಗ ಒಂದಿಷ್ಟು ಬರುತ್ತದೆ. ಬಡ ಮಗುವಿಗೆ ಆಡಳಿತ ಮಂಡಳಿ ಶುಲ್ಕ ಮಾಫಿ ಮಾಡಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಆದರೆ ಆ ಮಗುವಿಗೂ ಮೇಷ್ಟ್ರು ಬೇಕು, ಕರೆಂಟು ಬೇಕು. ಮಾಫಿ ಮಾಡಿದ ಹಣ ಮರುವರ್ಷ ಉಳಿದ ಪಾಲಕರ ಶುಲ್ಕದ ಮೇಲೆ ಕೂರುತ್ತದೆ, ಇಲ್ಲವೇ ಮೇಷ್ಟ್ರ ಇಂಕ್ರಿಮೆಂಟು ಮುಂದಕ್ಕೆ ಹೋಗುತ್ತದೆ. ದತ್ತಿಯ ಬಡ್ಡಿಯಿಂದ ಕೊಡುವ ವಿದ್ಯಾರ್ಥಿವೇತನ ಹಾಗಲ್ಲ. ಮಗುವಿನ ಶುಲ್ಕ ಪೂರ್ತಿಯಾಗಿ ಶಾಲೆಯ ಖಾತೆಗೆ ಜಮಾ ಆಗುತ್ತದೆ, ಕೊಡುವವರು ಬೇರೆ, ಅಷ್ಟೆ. ಆದ್ದರಿಂದ ದಾನಿಗಳಲ್ಲಿ ನನ್ನ ಬೇಡಿಕೆ ಒಂದೇ: ಬಹುಮಾನಕ್ಕೆ ಬೇಡ, ಶುಲ್ಕಕ್ಕೆ ಇಡಿ. ಮೊದಲ ರ‍್ಯಾಂಕಿನವರಿಗೆ ಶಾಲು ಹೊದಿಸಲು ಊರಲ್ಲಿ ಬೇಕಾದಷ್ಟು ಸಂಘಗಳಿವೆ.

ಇದೇನು ಹೊಸ ಸಂಗತಿಯಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಕಾಲದ, 945ನೇ ಇಸವಿಯ ಶಾಸನವಿದೆ. ಅಲ್ಲಿನ ವಿದ್ಯಾಶಾಲೆಗೆ ಭೂಮಿ ಬಿಟ್ಟಿದ್ದಲ್ಲದೆ, ಊರಲ್ಲಿ ಮದುವೆ, ಉಪನಯನ ಆದಾಗಲೂ ಶಾಲೆಗೆ ಇಂತಿಷ್ಟು ಕೊಡಬೇಕೆಂದು ಗೊತ್ತುಮಾಡಿದ್ದರು. ಭೂಮಿಯ ಹುಟ್ಟುವಳಿ ಒಂದೇ ಸಾಲದು ಎಂದು ಅವರಿಗೂ ಗೊತ್ತಿತ್ತು.

ಈಗ ಲೆಕ್ಕಕ್ಕೆ ಬರೋಣ. ಐದು ಲಕ್ಷ ಇಟ್ಟಿರಿ, ಬಡ್ಡಿ ಶೇ 7 ಎಂದುಕೊಳ್ಳಿ. ವರ್ಷಕ್ಕೆ 35 ಸಾವಿರ. ಅಷ್ಟನ್ನೂ ಹಂಚಿದರೆ ಇಪ್ಪತ್ತು ವರ್ಷದ ನಂತರವೂ 35 ಸಾವಿರವೇ. ಶುಲ್ಕ ವರ್ಷಕ್ಕೆ ಶೇ 5ರಂತೆ ಏರಿದರೂ ಹದಿನಾಲ್ಕು ಹದಿನೈದು ವರ್ಷಕ್ಕೆ ದುಪ್ಪಟ್ಟಾಗಿರುತ್ತದೆ. ಅದರ ಬದಲು ಬಡ್ಡಿಯ ಹತ್ತರಲ್ಲಿ ಆರು ಪಾಲು, ಅಂದರೆ 21 ಸಾವಿರ ಖರ್ಚು ಮಾಡಿ, ನಾಲ್ಕು ಪಾಲನ್ನು ನಿಧಿಗೇ ಸೇರಿಸುತ್ತ ಬಂದರೆ ಇಪ್ಪತ್ತು ವರ್ಷಕ್ಕೆ ನಿಧಿ 8.6 ಲಕ್ಷ ದಾಟುತ್ತದೆ. ಆಗ ಆ ಆರು ಪಾಲೇ 36 ಸಾವಿರ. ಅಲ್ಲಿಯವರೆಗೆ ಕಡಿಮೆ ಮಕ್ಕಳಿಗೆ ಸಿಗುತ್ತದೆ ಎಂಬುದು ನಿಜ, ಮಂಡಳಿಯ ಸಭೆಯಲ್ಲಿ ಇದಕ್ಕೇ ಜಗಳ. ಇಷ್ಟು ಮಾಡಿದರೂ ನಿಧಿ ಶುಲ್ಕದ ಓಟಕ್ಕೆ ಸಮನಾಗುವುದಿಲ್ಲ. ಹಾಗಾಗಿ ಒಬ್ಬರೇ ಇಡುವುದಕ್ಕಿಂತ ಇಡೀ ಬ್ಯಾಚು ಸೇರಿ ಇಟ್ಟು, ಐದು ವರ್ಷಕ್ಕೊಮ್ಮೆ ಸೇರಿದಾಗ ಅದೇ ನಿಧಿಗೆ ಮತ್ತಷ್ಟು ಹಾಕುವುದು ಮೇಲು. ಊಟದ ಖರ್ಚು ಸ್ವಲ್ಪ ತಗ್ಗಿಸಿದರೂ ಸಾಕು.

ಹಣಕ್ಕಿಂತ ಮೊದಲು ಪತ್ರ ಬರಬೇಕು. ‘ಈ ಮೊತ್ತ ಮೂಲನಿಧಿಗೆ ಸೇರತಕ್ಕದ್ದು’ ಎಂದು ದಾನಿ ಬರೆದು ಸಹಿ ಮಾಡದಿದ್ದರೆ ತೆರಿಗೆಯವರ ಕಣ್ಣಲ್ಲಿ ಅದು ಸಾಮಾನ್ಯ ದೇಣಿಗೆ, ಆ ವರ್ಷದ ಆದಾಯ. ಮೂಲನಿಧಿ, ಅಂದರೆ ಅಸಲನ್ನು ಮುಟ್ಟದೆ ಉಳಿಸುವ ಹಣ, ಎಂದಾದರೆ ಕಾನೂನು ಒಪ್ಪುವ ಹೂಡಿಕೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ನಮ್ಮ ಮಾದರಿ ಪತ್ರದಲ್ಲಿ ಇರುವ ಮುಖ್ಯ ಸಾಲುಗಳು ಇವು: ‘ಬಡ್ಡಿಯ ಶೇ 60ಕ್ಕೆ ಮೀರದಂತೆ ಶುಲ್ಕ ಭರಿಸಲು ಬಳಸುವುದು. ಉಳಿದದ್ದನ್ನು ನಿಧಿಗೆ ಸೇರಿಸುವುದು. ಉದ್ದೇಶ ಅಪ್ರಸ್ತುತವಾದಲ್ಲಿ ಹತ್ತಿರದ ಇನ್ನೊಂದು ಉದ್ದೇಶಕ್ಕೆ ಬಳಸಲು ಮಂಡಳಿಗೆ ಅಧಿಕಾರವಿರುವುದು.’ ಕೊನೆಯ ಸಾಲನ್ನು ಬಿಡಲೇಬೇಡಿ. ಟೈಪ್‌ರೈಟಿಂಗ್ ಬಹುಮಾನಕ್ಕೆಂದು ಇಟ್ಟ ಹಣ ಏನು ಮಾಡುವುದು ಹೇಳಿ?

ತೆರಿಗೆ ವಿನಾಯಿತಿ ಉಳಿಯಬೇಕಾದರೆ ಶಾಲೆ ನಡೆಸುವ ಟ್ರಸ್ಟು ವರ್ಷದ ಆದಾಯದಲ್ಲಿ ಶೇ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕಲ್ಲ, ಬಡ್ಡಿ ಉಳಿಸುವುದು ಹೇಗೆ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಆ ಲೆಕ್ಕ ಇಡೀ ಟ್ರಸ್ಟಿನ ಆದಾಯಕ್ಕೆ, ಒಂದೊಂದು ದತ್ತಿಗಲ್ಲ. ಶುಲ್ಕವೆಲ್ಲ ಸಂಬಳಕ್ಕೇ ಹೋಗುವ ಶಾಲೆಯಲ್ಲಿ ಉಳಿದ ಶೇ 15ರೊಳಗೆ ಇದು ಸಲೀಸಾಗಿ ಕೂರುತ್ತದೆ.

ಇಡುವ ಜಾಗದ ವಿಷಯದಲ್ಲಿ ನಾನು ಹಟಮಾರಿ. ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಎಂದು ಎಲ್ಲವನ್ನೂ ಒಂದೇ ಸಹಕಾರಿ ಬ್ಯಾಂಕಿನಲ್ಲಿ ಹಾಕಬೇಡಿ. ಠೇವಣಿ ವಿಮೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಮಾತ್ರ. ಸಹಕಾರಿ ಸಂಘವಾದರೆ ಆ ವಿಮೆಯೂ ಇಲ್ಲ.

ದಾನಿಗೆ ಸಿಗುವುದು 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿ: ಕೊಟ್ಟದ್ದರ ಅರ್ಧವನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು, ಅದೂ ಆದಾಯದ ಶೇ 10ರ ಮಿತಿಯೊಳಗೆ. ಎರಡು ಸಾವಿರ ಮೀರಿದ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದವರಿಗೂ ಇಲ್ಲ. ಹೀಗಾಗಿ ಈಗ ಬಹಳ ಜನಕ್ಕೆ ಇದರಿಂದ ಲಾಭವೇನಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಯಾರಿಂದ ಪಡೆಯಬಾರದು? ಮಗುವನ್ನು ಸೇರಿಸಲು ಬಂದ ಪಾಲಕರಿಂದ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕ, ಅಂದರೆ ಸೀಟಿಗಾಗಿ ವಸೂಲು ಮಾಡುವ ಹಣ, ನಿಷೇಧಿಸುವ ಕಾಯ್ದೆ 1984ರಿಂದ ಇದೆ. ರಸೀದಿಯಲ್ಲಿ ದತ್ತಿ ಎಂದು ಬರೆದ ಮಾತ್ರಕ್ಕೆ ಸೀಟಿಗಾಗಿ ಕೊಟ್ಟ ಹಣ ದಾನವಾಗುವುದಿಲ್ಲ. ‘ನಮ್ಮ ಅಣ್ಣನ ಮಗಳಿಗೇ ಕೊಡಿ’ ಎನ್ನುವವರಿಗೂ ಕೈ ಮುಗಿಯಿರಿ. ಆಯ್ಕೆ ಶಾಲೆಯ ಸಮಿತಿಯದು, ದಾನಿ ಅದರಲ್ಲಿ ಕೂರಬಾರದು.

ಅಮೆರಿಕದಲ್ಲಿರುವ ನಮ್ಮವರ ವಿಷಯ ಪ್ರತಿವರ್ಷ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರದ್ದು, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ಶಾಲೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅನುಮತಿ ಇಲ್ಲದ ಶಾಲೆ ಆ ಹಣವನ್ನು ಮುಟ್ಟಬಾರದು, ಬ್ಯಾಚಿನ ಗೆಳೆಯನ ಖಾತೆಯಿಂದ ಸುತ್ತಿಸಿ ತರುವುದೂ ಬೇಡ.

ಹಣ ಬಂದ ಮೇಲೆ ಪ್ರತಿ ಜೂನ್‌ನಲ್ಲಿ ದಾನಿಗೆ ಒಂದು ಪುಟದ ಪತ್ರ ಹೋಗಬೇಕು: ನಿಧಿ ಈಗ ಎಷ್ಟಿದೆ, ಯಾವ ಬ್ಯಾಂಕಿನಲ್ಲಿದೆ, ಬಡ್ಡಿ ಎಷ್ಟು ಬಂತು, ಎಷ್ಟು ಮಕ್ಕಳ ಶುಲ್ಕ ಕಟ್ಟಿತು. ಮಕ್ಕಳ ಫೋಟೊ, ಹೆಸರು ಬೇಡ, ತರಗತಿ ಸಾಕು.