ದೊಡ್ಡ ಸಿಟಿಲಿ ದುಡ್ಡು ಖರ್ಚಿಲ್ಲದೆ ವಿಚಿತ್ರವಾದ್ದೇನಾದ್ರೂ ನೋಡ್ಬೇಕಾ, ಹೀಗ್ ಹುಡುಕಿ

ಸಿಟಿ ಹೆಸರು ಹಾಕಿ ಮುಂದೆ ಫ್ರೀ ಅಂತ ಸೇರಿಸಿ ಗೂಗಲ್ ಮಾಡಿದ್ರೆ ಏನ್ ಬರುತ್ತೆ ಅಂತ ನಿಮಗೇ ಗೊತ್ತು. ಒಂದು ಪಾರ್ಕು, ಒಂದು ನದಿ ದಂಡೆ, ಒಂದು ಹಳೇ ಮಾರ್ಕೆಟ್ಟು, ಸನ್‌ಸೆಟ್ ಪಾಯಿಂಟು. ಹತ್ತು ಸೈಟ್ ತೆಗೆದ್ರೂ ಅದೇ ಲಿಸ್ಟು, ಒಬ್ಬರದ್ದನ್ನ ಇನ್ನೊಬ್ಬರು ಎತ್ತಿ ಹಾಕ್ಕೊಂಡಿರ್ತಾರೆ, ಅಲ್ಲಿಗೆ ಹೋದ್ರೆ ಆ ಲಿಸ್ಟ್ ಓದಿದ ಅರ್ಧ ಊರು ಆಗ್ಲೇ ಅಲ್ಲಿರುತ್ತೆ. ಅದಕ್ಕೆ ನಾನು ಹೇಳೋದು, ಜಾಗ ಹುಡುಕ್ಬೇಡಿ. ಎರಡು ಪ್ರಶ್ನೆ ಕೇಳ್ಕೊಳ್ಳಿ: ಈ ಊರಲ್ಲಿ ಯಾರಿಗೆ ನೋಡೋ ಜನ ಬೇಕಾಗಿದ್ದಾರೆ? ಯಾರು ಬಾಗಿಲು ತೆಗೆದಿಡ್ಲೇಬೇಕು?

ನೋಡೋ ಜನ ಬೇಕಾಗಿರೋದು ಮೊದ್ಲು ಸ್ಟೂಡೆಂಟ್ಸ್‌ಗೆ. ಮ್ಯೂಸಿಕ್ ಕಾಲೇಜುಗಳಲ್ಲಿ ಪರೀಕ್ಷೆ ಟೈಮಲ್ಲಿ ಕಚೇರಿಗಳು ನಡೀತಾವೆ, ಹಾಲಲ್ಲಿ ಅಪ್ಪ ಅಮ್ಮ ಒಂದಿಷ್ಟು ಫ್ರೆಂಡ್ಸು ಬಿಟ್ರೆ ಯಾರೂ ಇರಲ್ಲ, ಆದ್ರೆ ನುಡಿಸೋರು ಇನ್ನೆರಡು ಮೂರು ವರ್ಷದಲ್ಲಿ ಟಿಕೆಟ್ ಇಟ್ಟು ನುಡಿಸೋವಂಥೋರು. ಆರ್ಟ್ ಕಾಲೇಜಿನ ಕೊನೇ ವರ್ಷದ ಎಕ್ಸಿಬಿಷನ್ನಂತೂ ನನ್ನ ಪ್ರಕಾರ ಯಾವ ಗ್ಯಾಲರಿಗಿಂತ್ಲೂ ಮಜಾ, ಅರ್ಧ ಕೆಟ್ಟದಾಗಿರುತ್ತೆ, ಇನ್ನರ್ಧ ತಲೆ ತಿರುಗ್ಸುತ್ತೆ, ಮಾಡಿದೋರು ಪಕ್ಕದಲ್ಲೇ ನಿಂತಿರ್ತಾರೆ, ಕೇಳಿದ್ರೆ ಅರ್ಧ ಗಂಟೆ ಮಾತಾಡ್ತಾರೆ. ಯೂನಿವರ್ಸಿಟಿಗಳಲ್ಲಿ ಪಬ್ಲಿಕ್ ಲೆಕ್ಚರ್ ಇರುತ್ತೆ. ನೆದರ್‌ಲ್ಯಾಂಡ್ಸು, ಸ್ವೀಡನ್ನಲ್ಲಾದ್ರೆ ಪಿಎಚ್‌ಡಿ ಡಿಫೆನ್ಸ್‌ಗೂ, ಅಂದ್ರೆ ಸ್ಟೂಡೆಂಟು ತನ್ನ ಸಂಶೋಧನೆನ ಪರೀಕ್ಷಕರ ಮುಂದೆ ಸಮರ್ಥಿಸ್ಕೊಳ್ಳೋ ಸಭೆಗೂ, ಯಾರು ಬೇಕಾದ್ರೂ ಹೋಗಿ ಕೂತ್ಕೋಬಹುದು. ಬೇರೆ ದೇಶದವರು ನಡೆಸೋ ಕಲ್ಚರಲ್ ಸೆಂಟರ್‌ಗಳು, ಗೋಥೆ ಇನ್‌ಸ್ಟಿಟ್ಯೂಟ್, ಅಲಿಯಾನ್ಸ್ ಫ್ರಾನ್ಸೇಸ್ ಥರದ್ದು, ಅವಕ್ಕೆ ಕೆಲಸವೇ ಜನರನ್ನ ಕರೆಯೋದು, ಸಿನಿಮಾ ಫೋಟೋ ಎಕ್ಸಿಬಿಷನ್ ಎಲ್ಲ ಎಷ್ಟೋ ಸಲ ಫ್ರೀ. ಟೆಲಿಸ್ಕೋಪ್ ಇಟ್ಕೊಂಡಿರೋ ಹವ್ಯಾಸಿಗಳ ಗುಂಪು ಹುಡುಕಿ, ಅವರಿಗಂತೂ ತೋರ್ಸೋ ಹುಚ್ಚು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಲಿ ಜಾನ್ ಡಾಬ್ಸನ್ ಅನ್ನೋರು ಫುಟ್‌ಪಾತ್ ಮೇಲೆ ಟೆಲಿಸ್ಕೋಪ್ ಇಟ್ಟು ಹೋಗೋ ಬರೋರಿಗೆಲ್ಲ ಚಂದ್ರನ್ನ ತೋರ್ಸೋ ಒಂದು ಗುಂಪು ಕಟ್ಟಿದ್ರು, ಆ ಪದ್ಧತಿ ಈಗ ತುಂಬಾ ಊರುಗಳಲ್ಲಿದೆ.

ಇದರಲ್ಲಿ ಜನ ಮರೆಯೋದು ಹರಾಜು. ದೊಡ್ಡ ಹರಾಜು ಕಂಪನಿಗಳು, ಸೋಥ್‌ಬೀಸ್, ಕ್ರಿಸ್ಟೀಸ್ ಅಂಥವು, ಮಾರೋಕೆ ಮುಂಚೆ ಕೆಲವು ದಿನ ಸಾಮಾನನ್ನ ಪ್ರದರ್ಶನಕ್ಕಿಡ್ತಾರೆ, ಯಾರು ಬೇಕಾದ್ರೂ ಹೋಗಬಹುದು, ಕೊಳ್ಳೋ ಮುಖ ಮಾಡ್ಕೊಂಡು ಹೋಗ್ಬೇಕಂತೇನೂ ಇಲ್ಲ. ಅಲ್ಲಿ ನೋಡಿದ ಪೇಂಟಿಂಗು ಮರುವಾರ ಯಾರದೋ ಮನೆ ಗೋಡೆಗೆ ಹೋದ್ರೆ ಮತ್ತೆ ನಮ್ಮ ಕಣ್ಣಿಗೆ ಬೀಳದೇ ಇರಬಹುದು.

ಬಾಗಿಲು ತೆಗೆದಿಡ್ಲೇಬೇಕಾದೋರು ಅಂದ್ರೆ ಕೋರ್ಟು. ಎಷ್ಟೋ ದೇಶಗಳಲ್ಲಿ ವಿಚಾರಣೆ ಬಹಿರಂಗವಾಗೇ ನಡೀಬೇಕು, ಮಕ್ಕಳ ಕೇಸು ಫ್ಯಾಮಿಲಿ ಕೇಸು ಥರದ್ದು ಬಿಟ್ರೆ. ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಕೊಳ್ಳಿ, ಅವತ್ತಿನ ಕೇಸುಗಳ ಪಟ್ಟಿ ನೋಟಿಸ್ ಬೋರ್ಡಲ್ಲೋ ವೆಬ್‌ಸೈಟಲ್ಲೋ ಇರುತ್ತೆ. ಅಲ್ಲಿರೋದು ಒಬ್ಬರ ಬದುಕಿನ ಕೆಟ್ಟ ದಿನ ಅನ್ನೋದು ತಲೇಲಿರ್ಲಿ, ನಗೋದು ಪಿಸುಗುಟ್ಟೋದು ಬೇಡ. ಮೊಬೈಲ್ ರೂಲ್ಸ್ ಮೊದ್ಲೇ ನೋಡ್ಕೊಳ್ಳಿ, ಕೆಲವು ಕೋರ್ಟಲ್ಲಿ ಫೋನ್ ತಗೊಂಡು ಹೋದ್ರೆ ಒಳಗೇ ಬಿಡಲ್ಲ. ಶಾಸನಸಭೆ, ಪಾರ್ಲಿಮೆಂಟ್ ಗ್ಯಾಲರಿಗಳೂ ಹೀಗೇ, ಕೆಲವು ಕಡೆ ಪಾಸ್ ಬೇಕು.

ಕಟ್ಟಡಗಳೂ ಇದೇ ಲೆಕ್ಕಕ್ಕೆ ಬರ್ತಾವೆ. ನ್ಯೂಯಾರ್ಕಲ್ಲಿ 1961ರ ಒಂದು ನಿಯಮ ಏನಂದ್ರೆ, ಬಿಲ್ಡರ್ ಸಾರ್ವಜನಿಕರಿಗೆ ಕೂರೋಕೆ ಜಾಗ ಬಿಟ್ಟುಕೊಟ್ರೆ ಅವನಿಗೆ ಜಾಸ್ತಿ ಕಟ್ಟೋಕೆ ಪರ್ಮಿಷನ್ನು. ಹಾಗಾಗಿ ಅಲ್ಲಿ ಗಗನಚುಂಬಿಗಳ ಬುಡದಲ್ಲಿ, ಕೆಲವು ಕಡೆ ಲಾಬಿ ಒಳಗೇ, ಇಂಥ 500ಕ್ಕೂ ಹೆಚ್ಚು ಜಾಗ ಇವೆ, ಹೊರಗಿಂದ ನೋಡಿದ್ರೆ ಆಫೀಸು, ಒಳಗೆ ಹೋಗಿ ಕೂರೋ ಹಕ್ಕು ಎಲ್ಲರಿಗೂ ಇದೆ. ಟೋಕಿಯೋಲಿ ಎತ್ತರದಿಂದ ಊರು ನೋಡೋಕೆ ಜನ ಕ್ಯೂ ನಿಂತು ಟಿಕೆಟ್ ತಗೋತಾರೆ, ಆದ್ರೆ ಅಲ್ಲಿನ ಮೆಟ್ರೋಪಾಲಿಟನ್ ಸರ್ಕಾರಿ ಕಟ್ಟಡದಲ್ಲಿ 202 ಮೀಟರ್ ಮೇಲಿರೋ ವೀಕ್ಷಣಾಲಯ ಪೂರ್ತಿ ಫ್ರೀ.

ವರ್ಷಕ್ಕೊಂದೇ ಸಲ ತೆಗೆಯೋ ಬಾಗಿಲುಗಳೂ ಇರ್ತಾವೆ, ಇವಕ್ಕೆ ಕ್ಯಾಲೆಂಡರ್ ಬೇಕು. 1992ರಲ್ಲಿ ಲಂಡನ್ನಲ್ಲಿ ಶುರುವಾದ ಓಪನ್ ಹೌಸ್ ಈಗ ಹತ್ತಾರು ಸಿಟಿಗಳಲ್ಲಿದೆ, ಬೇರೆ ದಿನ ಒಳಗೆ ಬಿಡದ ಕಟ್ಟಡಗಳನ್ನ ಆ ದಿನಗಳಲ್ಲಿ ತೋರಿಸ್ತಾರೆ, ಆದ್ರೆ ಒಳ್ಳೊಳ್ಳೇದಕ್ಕೆ ಬುಕಿಂಗ್ ಮುಂಚೇನೇ ಮುಗಿದುಹೋಗುತ್ತೆ. ಮೇ ಮೊದಲ ವೀಕೆಂಡ್ ಸುತ್ತಮುತ್ತ ಜೇನ್ಸ್ ವಾಕ್ ಇರುತ್ತೆ, 2007ರಲ್ಲಿ ಟೊರಾಂಟೋಲಿ ಶುರುವಾಗಿದ್ದು, ಆಯಾ ಏರಿಯಾದವರೇ ತಮ್ಮ ಬೀದಿ ಸುತ್ತಿಸಿ ಕಥೆ ಹೇಳ್ತಾರೆ. ಮೇ 18 ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ಅವತ್ತು ಎಷ್ಟೋ ಕಡೆ ಎಂಟ್ರಿ ಫ್ರೀ, ರಶ್ಶು ಮಾತ್ರ ಕೇಳ್ಬೇಡಿ.

ಏನೂ ಪ್ರೋಗ್ರಾಂ ಇಲ್ಲದ ದಿನಕ್ಕೆ ಜಿಯೋಕ್ಯಾಶಿಂಗ್, ಅಂದ್ರೆ ಯಾರೋ ಅಡಗಿಸಿಟ್ಟ ಡಬ್ಬಿನ ಜಿಪಿಎಸ್ ಹಿಡ್ಕೊಂಡು ಹುಡುಕೋ ಆಟ. 2000ನೇ ಇಸವಿ ಮೇ 2ಕ್ಕೆ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ನ ಬೇಕಂತ್ಲೇ ಕೆಡಿಸೋದನ್ನ ನಿಲ್ಲಿಸ್ತು, ಸಾಮಾನ್ಯ ಜನರ ಜಿಪಿಎಸ್ಸೂ ಜಾಗನ ಇನ್ನೂ ಸರಿಯಾಗಿ ತೋರ್ಸೋ ಹಾಗಾಯ್ತು, ಮರುದಿನವೇ ಒಬ್ಬ ಒರೆಗಾನ್‌ನಲ್ಲಿ ಒಂದು ಬಕೆಟ್ ಅಡಗಿಸಿಟ್ಟು ಅದು ಎಲ್ಲಿದೆ ಅಂತ ಇಂಟರ್ನೆಟ್ಟಲ್ಲಿ ಹಾಕ್ದ. ಈಗ ಇಂಥವು ಪ್ರಪಂಚದಲ್ಲಿ ಲಕ್ಷಗಟ್ಲೆ ಇವೆ, ಆ್ಯಪ್ ಬೇಸಿಕ್ ಆದ್ರೆ ಕಾಸಿಲ್ಲ, ನೀವು ದಿನಾ ಓಡಾಡೋ ಬ್ರಿಡ್ಜ್ ಕೆಳಗೇ ಒಂದಿರಬಹುದು.

ಹುಡುಕೋವಾಗ ಒಂದು ಮಾತು, ಆ ಊರಿನ ಭಾಷೇಲಿ ಹುಡುಕಿ, ಟ್ರಾನ್ಸ್‌ಲೇಟರ್ ಇಟ್ಕೊಂಡಾದ್ರೂ ಸರಿ. ಇಂಗ್ಲಿಷಲ್ಲಿ ಸಿಗೋದು ಟೂರಿಸ್ಟ್ ಲಿಸ್ಟು, ಅಲ್ಲಿಯ ಜನರಿಗೆ ಅಂತ ಹಾಕಿರೋ ನೋಟಿಸು ಅಲ್ಲಿಯ ಭಾಷೇಲೇ ಇರುತ್ತೆ. ಲೈಬ್ರರಿ ನೋಟಿಸ್ ಬೋರ್ಡ್ ಕೂಡ ನೋಡಿ, ಕೌಂಟರಲ್ಲಿ ಕೂತಿರೋರನ್ನ ಕೇಳಿದ್ರೆ ಇನ್ನೂ ಒಳ್ಳೇದು.

ಇನ್ನು ಫ್ರೀ ಅಂತ ಬರ್ಕೊಂಡಿದ್ದೆಲ್ಲ ಫ್ರೀ ಇರಲ್ಲ. "ಫ್ರೀ ವಾಕಿಂಗ್ ಟೂರ್" ಅನ್ನೋದು ಸಾಮಾನ್ಯವಾಗಿ ಟಿಪ್ಸ್ ಮೇಲೆ ನಡೆಯೋದು, ಕೆಲವು ಕಡೆ ಗೈಡೇ ಕಂಪನಿಗೆ ತಲೆಗಿಷ್ಟು ಅಂತ ಕಟ್ಬೇಕು, ಹಾಗಾಗಿ ಕೊನೇಲಿ ಏನೂ ಕೊಡದೆ ಬಂದುಬಿಟ್ರೆ ಅವನ ಜೇಬಿಂದ್ಲೇ ಹೋಗುತ್ತೆ. ಫ್ರೀ ಸೆಮಿನಾರ್, ಜೊತೆಗೆ ಊಟ ಗಿಫ್ಟು ಅಂದ್ರೆ ಅಲ್ಲಿ ಏನೋ ಮಾರೋಕೆ ಕೂತಿದ್ದಾರೆ ಅಂತ್ಲೇ ತಿಳ್ಕೊಳ್ಳಿ. ಪಾಳು ಬಿದ್ದ ಬಿಲ್ಡಿಂಗ್ ಹತ್ತೋ ರೀಲ್ಸ್ ನೋಡಿ ಹೊರಡ್ಬೇಡಿ, ಅದು ಅತಿಕ್ರಮ ಪ್ರವೇಶ ಆಗುತ್ತೆ, ಮೇಲಾಗಿ ಸ್ಲ್ಯಾಬ್ ಯಾವಾಗ ಕುಸಿಯುತ್ತೋ ಹೇಳೋಕಾಗಲ್ಲ. ಸೀಟ್ ಬುಕ್ ಮಾಡಿ ಹೋಗೋಕಾಗ್ಲಿಲ್ಲ ಅಂದ್ರೆ ದಯವಿಟ್ಟು ಕ್ಯಾನ್ಸಲ್ ಮಾಡಿ, ವೇಟಿಂಗ್ ಲಿಸ್ಟಲ್ಲಿ ಜನ ಕಾಯ್ತಿರ್ತಾರೆ.