ನೀರ ಎಲ್ಲೀತನ ಬಂದಿತ್ತು?

ಬೆಂಗಳೂರು ಬಿಡ್ತೀವಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. "ಊರಿಗೆ ಹೋಗಿಬಿಡಿ, ಅದಕ್ಯಾಕೆ ಇಷ್ಟು ಯೋಚನೆ?" ನಮಗೆ ಹೋಗೋಕೆ ಊರೇ ಇರಲಿಲ್ಲ. ನನ್ನ ಮಾವನವರ ಹಳ್ಳಿ ಇದ್ದದ್ದು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಆಲಮಟ್ಟಿಯ ಹಿನ್ನೀರಿನಲ್ಲಿ ಅದು ಮುಳುಗಿತು. ಪುನರ್ವಸತಿ ಕೇಂದ್ರದಲ್ಲಿ ಸಿಕ್ಕ ಜಾಗವನ್ನು ತಮ್ಮನಿಗೆ ಬಿಟ್ಟುಕೊಟ್ಟು, ಪರಿಹಾರದ ಹಣದಲ್ಲಿ ಸಾಲ ತೀರಿಸಿ, ಮಗನ ಹಿಂದೆ ಬೆಂಗಳೂರಿಗೆ ಬಂದವರು ಅವರು. ನಾನು ತುಮಕೂರಿನ ಕಡೆಯವಳು. ಆ ಹಳ್ಳಿಯನ್ನು ನಾನು ನೋಡಿಯೇ ಇಲ್ಲ.

ನಮ್ಮವರು ಬೀಜದ ಕಂಪನಿಯೊಂದರಲ್ಲಿದ್ದಾರೆ. ಅವರಿಗೆ ಬಾಗಲಕೋಟೆ, ವಿಜಯಪುರ ಎರಡೂ ಜಿಲ್ಲೆಯ ಕೆಲಸ ಕೊಟ್ಟರು. ಈ ಎರಡು ಜಿಲ್ಲೆಯ ನಡುವೆ ಎಲ್ಲಿ ಬೇಕಾದರೂ ಮನೆ ಮಾಡಬಹುದಿತ್ತು. ನಾನು ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ, ಕೆಲಸವೆಲ್ಲ ಮನೆಯಿಂದಲೇ. ಮಗಳು ಏಳನೇ ಕ್ಲಾಸು ಮುಗಿಸುವವಳಿದ್ದಳು. ಮಾವನವರಿಗೆ 74 ವರ್ಷ, ಹಳೆಯ ದಮ್ಮು.

ಮೊದಲು ನಾವು ಕೂತು ಮಾತಾಡಿದ್ದು ಊರಿನ ಬಗ್ಗೆ ಅಲ್ಲ, ಮನೆಯವರ ಬಗ್ಗೆ. ಯಾರು ಯಾವುದಕ್ಕೆ ಹೊಂದಿಕೊಳ್ಳಬಹುದು, ಯಾವುದಕ್ಕೆ ಆಗೋದೇ ಇಲ್ಲ? ನಮ್ಮವರು ದಿನಕ್ಕೆ ಇನ್ನೊಂದು 30 ಕಿ.ಮೀ. ಜಾಸ್ತಿ ಓಡಾಡಬಹುದು. ನಾನು ಇಂಟರ್‌ನೆಟ್‌ಗೆ ಏನಾದರೂ ದಾರಿ ಮಾಡಿಕೊಳ್ಳಬಹುದು. ಮಾವನವರ ಎದೆ ಮಾತ್ರ ಯಾವುದಕ್ಕೂ ಹೊಂದಿಕೊಳ್ಳಲ್ಲ. ಹಾಗಾಗಿ ಅವರ ಉಸಿರಾಟವನ್ನೇ ಮುಂದಿಟ್ಟುಕೊಂಡು ಊರು ನೋಡೋಣ ಅಂದುಕೊಂಡೆವು.

ಇನ್ನೊಂದು ತೀರ್ಮಾನ ನನ್ನದು. ಒಂದು ಊರನ್ನು ಒಂದೇ ಸಲ ನೋಡಿ ಒಪ್ಪಬಾರದು. ಮಳೆಗಾಲದಲ್ಲಿ ಒಮ್ಮೆ, ಕಬ್ಬು ನುರಿಸುವ ಕಾಲದಲ್ಲಿ ಒಮ್ಮೆ, ಸುಡು ಬೇಸಿಗೆಯಲ್ಲಿ ಒಮ್ಮೆ ನೋಡಬೇಕು. ಆಗಸ್ಟ್, ಡಿಸೆಂಬರ್, ಏಪ್ರಿಲ್. ಮೂರು ಸಲ ಹೋದೆವು, ಮೂರು ಸಲವೂ ಮಾವನವರನ್ನು ಕರೆದುಕೊಂಡು. ಬಸ್ಸಿನಲ್ಲಿ ಹೋಗಿ ಲಾಡ್ಜಿನಲ್ಲಿ ಉಳಿದೆವು. ಖರ್ಚಾಯಿತು, ಆದರೆ ಬೇಜಾರಿಲ್ಲ.

ಆಗಸ್ಟಿನಲ್ಲಿ ಮುಧೋಳ, ಪಕ್ಕದ ಬೆಳಗಾವಿ ಜಿಲ್ಲೆಯ ಗೋಕಾಕ ನೋಡಿದೆವು. ಎರಡೂ ಘಟಪ್ರಭೆಯ ಮಗ್ಗುಲಿಗಿರುವ ಊರುಗಳು. ಬಸ್ಸಿಳಿದ ಕೂಡಲೇ ಮಾವನವರು ಚಹಾದಂಗಡಿಯಲ್ಲಿ ಕೂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಹತ್ತೊಂಬತ್ತರಾಗ ನೀರ ಎಲ್ಲೀತನ ಬಂದಿತ್ತರೀ?" 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದವು ಅಲ್ವಾ, ಆ ನೀರು. ಕೇಳಿದ ತಕ್ಷಣ ಜನ ಮಾತು ಬಿಚ್ಚುತ್ತಿದ್ದರು. ಮನೆ ಬ್ರೋಕರ್ ಹೇಳದ್ದನ್ನು ಚಹಾ ಕುಡಿಯುವವರು ಹೇಳಿದರು.

ಮುಧೋಳದಲ್ಲಿ ಒಬ್ಬ ಹಿರಿಯರು ಎದ್ದು ಬಂದು ನಮ್ಮನ್ನು ಒಂದು ಓಣಿಗೆ ಕರೆದುಕೊಂಡು ಹೋದರು. ಒಂದು ಮನೆಯ ಗೋಡೆಗೆ ಹೊಸ ತಿಳಿ ನೀಲಿ ಬಣ್ಣ ಬಳಿದಿದ್ದರು. ಪಕ್ಕದ ಸಂದಿಗೆ ತಿರುಗಿದರೆ ಅಲ್ಲಿ ಬಣ್ಣ ಬಳಿದಿರಲಿಲ್ಲ. ಅಲ್ಲಿ ಗೋಡೆಯ ಮೇಲೆ ಒಂದು ಕಂದು ಗೆರೆ, ದಾರ ಹಿಡಿದು ಎಳೆದ ಹಾಗೆ ನೇರ. ಗೆರೆಯ ಕೆಳಗೆ ಸಿಮೆಂಟು ಪುಡಿಪುಡಿ, ಮೇಲೆ ಗಟ್ಟಿ. ಮಾವನವರು ಹತ್ತಿರ ಹೋಗಿ ನಿಂತರು. ಗೆರೆ ಅವರ ಎದೆಯ ಮಟ್ಟಕ್ಕಿತ್ತು. ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಇಲ್ಲಿಂದ ಎಷ್ಟ ಹೆಜ್ಜಿ ನಡದ್ರ ಒಣಾ ನೆಲಾ ಸಿಗತೈತಿ?" ಅಂತ ಕೇಳಿದರು. ಆ ಹಿರಿಯರು ಕೈ ತೋರಿಸಿದ ಕಡೆ ಏರು ಇತ್ತು. ಅಲ್ಲಿಯವರಿಗೆ ನೀರು ತಾಗಿಯೇ ಇರಲಿಲ್ಲ.

ಆವತ್ತಿನಿಂದ ಊರಿನ ಹೆಸರು ಹಿಡಿದು "ಇಲ್ಲಿ ಪ್ರವಾಹ ಬರುತ್ತಾ" ಅಂತ ಕೇಳೋದು ಬಿಟ್ಟೆವು. ಓಣಿ ಹಿಡಿದು ಕೇಳಬೇಕು. ಅದೇ ಊರಲ್ಲಿ ಮುಳುಗುವ ಓಣಿಯೂ ಇರುತ್ತೆ, ಕಾಲು ಒದ್ದೆಯಾಗದ ಓಣಿಯೂ ಇರುತ್ತೆ. ಮಳೆ ನಮ್ಮಲ್ಲಿ ಬಂತೋ ಇಲ್ಲವೋ ಅನ್ನೋದು ಮುಖ್ಯ ಅಲ್ಲ. ಘಟಪ್ರಭೆಗೆ ಹಿಡಕಲ್ ಜಲಾಶಯದಿಂದ, ಕೃಷ್ಣೆಗೆ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿರುವಾಗಲೇ ಹೊಳೆ ಏರುತ್ತೆ.

ಡಿಸೆಂಬರಿನಲ್ಲಿ ಮತ್ತೆ ಹೋದಾಗ ಕಬ್ಬಿನ ಹಂಗಾಮು ಜೋರಾಗಿತ್ತು. ಒಂದು ಸಕ್ಕರೆ ಕಾರ್ಖಾನೆಗೆ ಹತ್ತಿರದ ಬಡಾವಣೆಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ಹೊಸದು, ಗಾಳಿ ಬೆಳಕು ಚೆನ್ನಾಗಿತ್ತು, ಬಾಡಿಗೆ 7 ಸಾವಿರ. ನನಗೆ ತುಂಬಾ ಹಿಡಿಸಿತ್ತು. ಮಾಳಿಗೆ ನೋಡೋಣ ಅಂತ ಹತ್ತಿದೆ. ಪಕ್ಕದ ಮನೆಯ ಅಕ್ಕ ತಂತಿಯ ಮೇಲಿನ ಬಿಳಿ ಚಾದರ ತೆಗೆಯುತ್ತಿದ್ದರು. ಚಾದರದ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಕೊಡವಿದರೆ ಕೆಲವು ಉದುರಿದವು. ನಾನು ಒಂದನ್ನು ಬೆರಳಲ್ಲಿ ಒರೆಸಿದೆ, ಕಾಡಿಗೆಯ ಹಾಗೆ ಉದ್ದಕ್ಕೆ ಬಳಿದುಕೊಂಡಿತು. "ಫ್ಯಾಕ್ಟರಿ ಬೂದಿ ರೀ ಅಕ್ಕಾರ. ಸೀಜನ್ ಮುಗಿಯೋತನ ಹಿಂಗ. ನಮಗ ರೂಢಿ ಆಗೇತಿ" ಅಂದರು. ನನಗೆ ಕೆಳಗೆ ಕೂತಿದ್ದ ಮಾವನವರ ಜೇಬಿನಲ್ಲಿದ್ದ ಇನ್‌ಹೇಲರ್ ನೆನಪಾಯಿತು. ಆ ಮನೆಯನ್ನು ಆಗಸ್ಟಿನಲ್ಲೇ ನೋಡಿದ್ದರೆ ಖಂಡಿತ ಮುಂಗಡ ಕೊಟ್ಟುಬಿಡುತ್ತಿದ್ದೆವು. ಆಗ ಚಿಮಣಿ ಆರಿರುತ್ತೆ.

ಹಂಗಾಮಿನಲ್ಲಿ ರಸ್ತೆಯನ್ನೂ ನೋಡಬೇಕು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿ ಹಿಂದಿನ ದೀಪ ಇಲ್ಲದೆ ಹೋಗುತ್ತವೆ. ಮಗಳ ಶಾಲೆಗೆ ಅಂಥ ರಸ್ತೆ ದಾಟಬೇಕಾದ ಮನೆ ಬೇಡ ಅಂತ ಆಗಲೇ ಗಟ್ಟಿ ಮಾಡಿಕೊಂಡೆ.

ಇಳಕಲ್, ಬಾದಾಮಿ ಎರಡನ್ನೂ ಒಂದೊಂದು ದಿನ ನೋಡಿದೆವು. ಇಳಕಲ್ಲಿನ ಜನ ಬಹಳ ಹಿಡಿಸಿದರು, ಆದರೆ ನಮ್ಮವರ ಓಡಾಟಕ್ಕೆ ಅದು ಒಂದು ಮೂಲೆ. ಬಾದಾಮಿಯಲ್ಲಿ ರೈಲಿದೆ, ನೋಡುವುದಕ್ಕೆ ಅದರಷ್ಟು ಚೆಂದದ ಊರಿಲ್ಲ. ಆದರೆ ನಮಗೆ ರಾತ್ರಿಯ ಆಸ್ಪತ್ರೆಯ ಚಿಂತೆ.

ಬಾಗಲಕೋಟೆಯ ನವನಗರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಲೆಕ್ಕ ಹಾಕಿದರೆ ನಮಗೆ ಅದೇ ಸರಿಯಾದ ಊರು. ಮುಳುಗಡೆಯಾದವರಿಗಾಗಿಯೇ ಕಟ್ಟಿದ್ದು. ಅಗಲ ರಸ್ತೆ, ಸೆಕ್ಟರ್ ಲೆಕ್ಕ. ಊರಲ್ಲಿ ಮೆಡಿಕಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ತೋಟಗಾರಿಕೆ ವಿಶ್ವವಿದ್ಯಾಲಯ, ಮೈಸೂರಿಗೆ ಹೋಗುವ ರೈಲು ಎಲ್ಲ ಇವೆ. ನಾನೂ ನಮ್ಮವರೂ ಮನಸ್ಸು ಮಾಡಿಯೇಬಿಟ್ಟಿದ್ದೆವು. ಸಂಜೆ ಮಾವನವರು ಹಳೆಯ ಊರಿನ ಕಡೆ ಹೋಗಿ ಹಿನ್ನೀರು ನೋಡಿಕೊಂಡು ಬಂದರು. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು. "ಯವ್ವಾ, ಊರೇನೋ ಚಲೋ ಐತಿ. ಆದ್ರ ದಿನಾ ಆ ನೀರ ನೋಡಕೋತ ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲ." ನಾವು ಮತ್ತೆ ಆ ಮಾತು ಎತ್ತಲಿಲ್ಲ. ಮಾವನವರಿಗಿರುವಂಥ ನೆನಪು ಇಲ್ಲದವರು ನವನಗರವನ್ನು ಮೊದಲು ನೋಡಿ ಅಂತಲೇ ನಾನು ಹೇಳುತ್ತೇನೆ.

ಮಾವನವರು ಜಮಖಂಡಿ ಅಂದರು. ಅಲ್ಲಿ ಬೋರ್ಡಿಂಗಿನಲ್ಲಿದ್ದು ಹೈಸ್ಕೂಲು ಓದಿದವರು. ಪಟವರ್ಧನ ಸಂಸ್ಥಾನದ ಹಳೆಯ ಊರು, ಎತ್ತರದಲ್ಲಿದೆ, ಹೊಳೆ ದೂರ. 2019ರಲ್ಲಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ಪೆಟ್ಟು ಬಿತ್ತು, ಆದರೆ ನಾವು ನೋಡಿದ ಓಣಿಗಳಿಗೆ ಆ ನೀರು ಬಂದಿರಲಿಲ್ಲ. ಉಪವಿಭಾಗದ ಊರಾದ್ದರಿಂದ ಉಪವಿಭಾಗಾಧಿಕಾರಿಯ (ಎ.ಸಿ.) ಕಚೇರಿ, ಆರ್‌ಟಿಒ ಅಲ್ಲೇ ಇವೆ. ಸಣ್ಣ ಕೆಲಸಕ್ಕೂ ಜಿಲ್ಲಾ ಕೇಂದ್ರಕ್ಕೆ ಹೋಗುವ ಪಾಡಿಲ್ಲ. ವಿಜಯಪುರ ಸುಮಾರು 60 ಕಿ.ಮೀ., ಮುಧೋಳ 20ರ ಆಸುಪಾಸು. ನಮ್ಮವರಿಗೆ ಅನುಕೂಲ. ರೈಲಿಲ್ಲ. ಬಾಗಲಕೋಟೆ–ಕುಡಚಿ ರೈಲು ಮಾರ್ಗದ ಕೆಲಸ ವರ್ಷಗಟ್ಟಲೆಯಿಂದ ನಡೆದೇ ಇದೆ. ಅದನ್ನು ನಂಬಿ ಮನೆ ಮಾಡಬೇಡಿ, ಇವತ್ತು ಇರುವ ಬಸ್ಸು ನೋಡಿ ಮಾಡಿ.

ಮಾವನವರು ನಮ್ಮನ್ನು ಚಿಕ್ಕಪಡಸಲಗಿಯ ಬ್ಯಾರೇಜಿಗೂ ಕರೆದುಕೊಂಡು ಹೋದರು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರ. "ನಾನೂ ಎರಡ ದಿನಾ ಕಲ್ಲ ಹೊತ್ತೀನಿ ಇಲ್ಲೆ" ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನೀರಿನ ಎದುರು ನಿಂತು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜಮಖಂಡಿಯಲ್ಲಿ ಉಳಿದ ಮೊದಲ ರಾತ್ರಿ 11 ಗಂಟೆಗೆ ನಾವಿಬ್ಬರೂ ಲಾಡ್ಜಿನಿಂದ ಹೊರಟು ಆಸ್ಪತ್ರೆಗಳನ್ನು ನೋಡಿ ಬಂದೆವು. ಯಾವುದರ ಬಾಗಿಲು ತೆರೆದಿದೆ, ಒಳಗೆ ಡಾಕ್ಟರ್ ಇದ್ದಾರೋ ಅಥವಾ ಫೋನ್ ಮಾಡಿ ಕರೆಸಬೇಕೋ, ಆಕ್ಸಿಜನ್ ಇದೆಯೋ, ನೆಬ್ಯುಲೈಜರ್ ಇದೆಯೋ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಯಾವುದು. ಹಗಲು ಕೇಳಿದರೆ ಎಲ್ಲರೂ "24 ಗಂಟೆ" ಅನ್ನುತ್ತಾರೆ. ರಾತ್ರಿ ಹೋಗಿ ನಿಂತರೆ ನಿಜ ಗೊತ್ತಾಗುತ್ತೆ. ಎರಡು ಕಡೆ ನಮಗೆ ಸಮಾಧಾನ ಆಯಿತು. ಆ ಎರಡರಿಂದ ಆಟೋದಲ್ಲಿ ಹತ್ತು ನಿಮಿಷದ ಒಳಗಿನ ಮನೆಗಳನ್ನೇ ಹುಡುಕಿದೆವು.

ಏಪ್ರಿಲ್‌ನಲ್ಲಿ ಮನೆ ನೋಡಿದ್ದು ಮಧ್ಯಾಹ್ನ ಎರಡು ಗಂಟೆಗೆ. ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಮೇಲಂತಸ್ತಿನ ಸ್ಲ್ಯಾಬ್ ಮನೆಯೊಳಗೆ ಐದು ನಿಮಿಷ ನಿಂತರೆ ಸಾಕು, ಬೇಡ ಅಂತ ಮೈಯೇ ಹೇಳುತ್ತೆ. ಗೋಡೆಯ ಬಿರುಕು ಕಾಣುವುದೂ ಈಗಲೇ. ಎರೆ ಮಣ್ಣು ಮಳೆಯಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತೆ. ಅದರ ಮೇಲೆ ಸುಮ್ನೆ ಪಾಯ ಹಾಕಿದ ಮನೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರಿರುತ್ತೆ. ಒಂದು ಮನೆಯಲ್ಲಿ ನನ್ನ ಕಿರುಬೆರಳ ತುದಿ ಒಳಗೆ ಹೋಯಿತು.

ನೀರಿನ ವಿಷಯ ಗಂಡಸರನ್ನು ಕೇಳಬೇಡಿ. "ನೀರಿಗೇನ ಕೊರತಿ ಇಲ್ರಿ" ಅನ್ನುತ್ತಾರೆ. ಕೊಡ ಹಿಡಿದ ಹೆಂಗಸರನ್ನು ಕೇಳಿ. ನಳ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಮೋಟರ್ ಹಚ್ಚದೆ ಏರುತ್ತಾ? ನಮ್ಮ ಓಣಿಯಲ್ಲಿ ಆಗ ಐದು ದಿನಕ್ಕೊಮ್ಮೆ ಬರುತ್ತಿತ್ತು. ಹಾಗಾಗಿ ನೆಲದೊಳಗೆ ದೊಡ್ಡ ಟಾಕಿ ಇರುವ ಮನೆಯನ್ನೇ ಹಿಡಿದೆವು. ಬೋರಿನ ನೀರು ಸವಳು, ಸ್ಟೀಲ್ ಲೋಟ ಒಣಗಿದರೆ ಬಿಳಿ ಪೊರೆ ಕೂರುತ್ತೆ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ.

ಮನೆ ಕೇಳಲು ಹೋದಲ್ಲಿ ಬಹಳ ಕಡೆ ಮೊದಲ ಪ್ರಶ್ನೆ "ನೀವು ಯಾವ ಪೈಕಿ ರೀ?" ಅಂತ, ಅಂದರೆ ಯಾವ ಜಾತಿ. ಬೆಂಗಳೂರಿನಲ್ಲೂ ಇದನ್ನು ಬೇರೆ ಮಾತಿನಲ್ಲಿ ಕೇಳುತ್ತಾರೆ. ಆದರೂ ನನಗೆ ಪ್ರತಿ ಸಲ ನೋವಾಯಿತು. ನಾವು ಕೊನೆಗೆ ಒಪ್ಪಿದ ಮನೆಯ ಮಾಲೀಕರಾದ ಅಜ್ಜಿ ಅದನ್ನು ಕೇಳಲಿಲ್ಲ. "ಹಿರ್ಯಾರಿಗೆ ಮೆಟ್ಟಲಾ ಹತ್ತಾಕ ಆಗತೈತೇನು?" ಅಂತ ಕೇಳಿ, ತಾವೇ ಮೇಲಿನ ಮನೆಗೆ ಹೋಗಿ ನಮಗೆ ಕೆಳಗಿನದು ಕೊಟ್ಟರು. ಬಾಡಿಗೆ 9 ಸಾವಿರ. ಬೆಂಗಳೂರಿನಲ್ಲಿ 24 ಕೊಡುತ್ತಿದ್ದೆವು.

ಒಂದು ತಪ್ಪು ಮಾಡಿದೆವು. ಇಂಟರ್‌ನೆಟ್ ಬರುತ್ತೆ ಅಂದದ್ದನ್ನು ನಂಬಿ ಬಂದುಬಿಟ್ಟೆ. ಬಂದ ಮೇಲೆ ಫೈಬರ್ ಎಳೆಯಲು 18 ದಿನ ಹಿಡಿಯಿತು. ನನ್ನ ಕೆಲಸದಲ್ಲಿ ಜಿಎಸ್‌ಟಿ ರಿಟರ್ನ್ ಕೊಡುವ 11ನೇ ತಾರೀಖು, 20ನೇ ತಾರೀಖು ತಪ್ಪುವ ಹಾಗಿಲ್ಲ. ದಿನಾ ಲ್ಯಾಪ್‌ಟಾಪ್ ಹೊತ್ತು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೂತೆ. ಒಂದು ಅಂಗಡಿಯವರ ರಿಟರ್ನ್ ತಡವಾಗಿ ದಂಡ ಬಿತ್ತು, ಅದನ್ನು ನಾನೇ ಕಟ್ಟಿದೆ. ಲೈನ್ ಎಳೆದು ತೋರಿಸಿದ ಮೇಲೆ ಸಾಮಾನು ತನ್ನಿ. ರೂಟರ್‌ಗೆ ಒಂದು ಸಣ್ಣ ಬ್ಯಾಟರಿಯೂ ಇರಲಿ, ಕರೆಂಟು ಹೋದಾಗ ಕೆಲಸ ನಿಲ್ಲಲ್ಲ.

ಶಾಲೆಗೆ ಎಂಟನೇ ಕ್ಲಾಸಿಗೆ ಸೇರಿಸಿದ್ದು ಒಳ್ಳೆಯದಾಯಿತು. ಹೈಸ್ಕೂಲಿಗೆ ಎಲ್ಲ ಕಡೆಯಿಂದ ಹೊಸ ಮಕ್ಕಳು ಬರುತ್ತಾರೆ, ಇವಳೊಬ್ಬಳೇ ಹೊಸಬಳು ಆಗಲಿಲ್ಲ. ಫೋನಿನಲ್ಲಿ ಸೀಟಿದೆ ಅಂದ ಒಂದು ಶಾಲೆ ಮೇ ತಿಂಗಳಲ್ಲಿ ತುಂಬಿದೆ ಅಂದಿತು. ಎರಡನೆಯದನ್ನು ಮೊದಲೇ ನೋಡಿಟ್ಟಿದ್ದರಿಂದ ಬಚಾವಾದೆವು. ಟಿ.ಸಿ. ಮತ್ತು ಸ್ಯಾಟ್ಸ್ ನಂಬರ್ (ಶಾಲಾ ಮಕ್ಕಳ ಸರ್ಕಾರಿ ದಾಖಲೆಯ ಸಂಖ್ಯೆ) ಬೆಂಗಳೂರಿನಲ್ಲೇ ಸರಿ ಮಾಡಿಸಿಕೊಂಡು ಬನ್ನಿ. ಈಗ ಮಗಳು ನನ್ನ ಜೊತೆ ನನ್ನ ಮಾತು, ತಾತನ ಜೊತೆ "ಹೌದರೀ, ಇಲ್ಲರೀ".

ವರ್ಷ ತುಂಬುತ್ತಾ ಬಂತು. ಈಗ ಜಾಗ ನೋಡುತ್ತಿದ್ದೇವೆ. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಅಗ್ಗಕ್ಕೆ ಕೊಡುತ್ತೇವೆ ಅನ್ನುವವರು ಬಹಳ. ಎನ್.ಎ., ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗದ್ದು ನಮಗೆ ಬೇಡ. ಉತಾರ (ಪಹಣಿ), ಇ.ಸಿ. (ಋಣಭಾರ ಪತ್ರ) ನೋಡಿದ ಮೇಲೂ ಮಾವನವರದು ಇನ್ನೊಂದು ಹಟ. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆಯಲ್ಲ, ಸರ್ವೆ ನಂಬರ್ ಆ ಮುಳುಗಡೆಯಲ್ಲಿ ಬರುತ್ತದೆಯೇ ಅಂತ ನವನಗರದ ಪುನರ್ವಸತಿ ಕಚೇರಿಯಲ್ಲಿ ಕೇಳಿ ಬರಬೇಕು. ಊರೊಳಗಿನ ಎತ್ತರದ ಜಾಗಕ್ಕೆ ಅದು ಬೇಕಿಲ್ಲ ಅಂತ ಮಗ ಹೇಳಿದರೂ ಕೇಳುವುದಿಲ್ಲ. ನನಗೂ ಕೇಳಿ ಬರುವುದೇ ಸರಿ ಅನಿಸುತ್ತೆ.

ಸದ್ಯ ಒಂದು 30-40ರ ಜಾಗ ಹಿಡಿಸಿದೆ. ಮೇಲೆ ಎರೆ, ಕೆಳಗೆ ಗರಸು (ಗಟ್ಟಿ ಕಲ್ಲುಮಣ್ಣು) ಎಷ್ಟು ಅಡಿಗೆ ಸಿಗುತ್ತೆ ಅಂತ ನೋಡಬೇಕು. ಸೋಮವಾರ ಇಬ್ಬರು ಆಳುಗಳಿಗೆ ಗುಂಡಿ ತೋಡಲು ಹೇಳಿದ್ದೇವೆ. ಮಾವನವರು ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂರುತ್ತೇನೆ ಅಂದಿದ್ದಾರೆ. ಪಕ್ಕದ ಜಾಗದವರನ್ನು ಕರೆದು ಆ ಪ್ರಶ್ನೆಯನ್ನೂ ಕೇಳಿಬಿಡುತ್ತಾರೆ.